ಸೋರುವ ತೊಟ್ಟಿಯ ಸಾಕಮ್ಮ

ನಾಯಿ ಸಾಕಿದವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಸು ಕಟ್ಟಿದವರನ್ನೂ ಕೇಳುವುದಿಲ್ಲ. ಗಿಳಿಯ ರೆಕ್ಕೆ ಕತ್ತರಿಸಿ ಪಂಜರದಲ್ಲಿ ಕೂಡಿಹಾಕಿ ಅದರ ಬಾಯಲ್ಲಿ ದೇವರ ಹೆಸರು ಹೇಳಿಸುವವರನ್ನಂತೂ ದೊಡ್ಡ ಭಕ್ತರೆಂದೇ ತಿಳಿಯುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರು ಟಗರು ಸಾಕಿದ್ದರು. ಅದು ಹೋಗಿಬರುವವರನ್ನೆಲ್ಲ ಹಿಂದಿನಿಂದ ಬಂದು ಗುಮ್ಮುತ್ತಿತ್ತು. ಗುಮ್ಮಿಸಿಕೊಂಡವರು ಎದ್ದು, ಪಂಚೆಯ ಧೂಳು ಕೊಡವಿಕೊಂಡು, ‘ಚೆನ್ನಾಗಿ ಮೇಯ್ಸಿದೀರ’ ಎಂದು ಹೊಗಳಿ ಹೋಗುತ್ತಿದ್ದರು. ನಾನು ಒಂದು ಜೇಡ ಸಾಕಿದೆ ನೋಡಿ, ತುಮಕೂರಿನಲ್ಲಿ ನನ್ನ ಗುರುತಿದ್ದವರೆಲ್ಲ ನನ್ನಿಂದ ಸಮಜಾಯಿಷಿ ಕೇಳಿದರು.

ಹೌದು, ಜೇಡವೇ. ಗೋಡೆಯ ಮೂಲೆಯಲ್ಲಿ ಬಲೆ ನೇಯ್ದುಕೊಂಡು ನೊಣಕ್ಕೆ ಕಾಯುವ ಬಡಕಲು ಜೇಡವಲ್ಲ. ಅಂಗೈಯಗಲದ್ದು, ಮೈಕೈ ತುಂಬ ಕಂದು ಕೂದಲಿನದು, ನೆಲದಲ್ಲಿ ಬಿಲ ತೋಡಿಕೊಂಡು ಬದುಕುವಂಥದು. ಇಂಗ್ಲಿಷಿನವರು ಟರಾಂಟುಲ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೊಂದು ಹೆಸರಿಡುವಷ್ಟು ಹೊತ್ತು ಅದನ್ನು ಯಾರೂ ಬದುಕಲು ಬಿಟ್ಟಂತಿಲ್ಲ. ಇದನ್ನು ನೀವು ತಪ್ಪೊಪ್ಪಿಗೆ ಎಂದು ಓದಬೇಡಿ. ನಾನು ತಪ್ಪೇನೂ ಮಾಡಿಲ್ಲ. ಆಗಲೂ ಹೀಗೆಯೇ ಹೇಳಿದ್ದೆ, ಇನ್ನೂ ಸ್ವಲ್ಪ ಜೋರಾಗಿ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ತವರು ಕುಣಿಗಲ್, ಸಂಸಾರ ತುಮಕೂರಿನಲ್ಲಿ, ಕೆಲಸ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು ಪ್ಯಾಸೆಂಜರ್ ರೈಲಿನಲ್ಲಿ. ಒಂದು ಬುಧವಾರ ಶಾಲೆಯ ಹಿಂದಿನ ಬಯಲಿನಲ್ಲಿ ಸಸಿ ನೆಡುವ ಕಾರ್ಯಕ್ರಮ ಇತ್ತು. ನಮ್ಮ ಜವಾನ ಬೈಲಪ್ಪ ಗುಂಡಿ ತೋಡುತ್ತಿದ್ದ. ಗುದ್ದಲಿಯ ಒಂದು ಏಟಿಗೆ ಮಣ್ಣು ಕುಸಿದು, ಕೆಳಗಿದ್ದ ಬಿಲ ಬಾಯಿಬಿಟ್ಟು, ಒಳಗಿದ್ದವಳು ಹೊರಗೆ ಬಂದಳು. ಹೆಣ್ಣುಮಕ್ಕಳು ಕಿರುಚಿದ್ದು ರೈಲ್ವೆ ಸ್ಟೇಷನ್ನಿಗೆ ಕೇಳಿಸಿರಬೇಕು. ದಿನಾ ಎಲ್ಲರಿಗೂ ಎದೆಯೆತ್ತಿ ನಿಲ್ಲುವುದನ್ನು ಕಲಿಸುವ ನಮ್ಮ ಡ್ರಿಲ್ ಮೇಷ್ಟ್ರು ನೀರಿನ ಡ್ರಮ್ಮಿನ ಮೇಲೆ ಹತ್ತಿ ನಿಂತರು. ಬೈಲಪ್ಪ ಗುದ್ದಲಿ ಎತ್ತಿದ.

“ಹೊಡೀಬೇಡ!” ಎಂದೆ.

“ಹೊಡೀದೆ ಪೂಜೆ ಮಾಡ್ಲಾ ಟೀಚರ್? ಉಚ್ಚೆ ಹುಯ್ದ್ರೆ ಮೈಯೆಲ್ಲ ಹುಣ್ಣಾಯ್ತದೆ.”

ಆಗ ನಾನು ನೋಡಿದ್ದು ಇಷ್ಟು. ಆ ಜೇಡ ಓಡಲಿಲ್ಲ. ಹಿಂದಿನ ಕಾಲುಗಳ ಮೇಲೆ ಭಾರ ಬಿಟ್ಟು, ಮುಂದಿನ ಕಾಲುಗಳನ್ನು ಮೇಲಕ್ಕೆತ್ತಿ, ಗುದ್ದಲಿಗೆ ಎದುರಾಗಿ ನಿಂತಿತ್ತು. ಅಂಗೈಯಷ್ಟಿದೆ, ಎದುರಿಗೆ ಆರಡಿಯ ಬೈಲಪ್ಪ, ಅವನ ಕೈಯಲ್ಲಿ ಕಬ್ಬಿಣ. ಆದರೂ ‘ಬಾ, ನೋಡೇ ಬಿಡೋಣ’ ಅನ್ನುವ ಭಂಗಿ. ನನಗೆ ಅದರ ಮೇಲೆ ಹುಟ್ಟಿದ್ದು ಪ್ರೀತಿಯಲ್ಲ, ಮರ್ಯಾದೆ. ಊಟದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ, ಕೆಳಗೆ ಒಂದು ರಟ್ಟು ತೂರಿಸಿ, ತಿರುವಿ ಮುಚ್ಚಳ ಹಾಕಿದೆ. ಡ್ರಮ್ಮಿನ ಮೇಲಿದ್ದವರು ಅದಾದ ಮೇಲೆಯೇ ಕೆಳಗಿಳಿದರು.

ಸಂಜೆಯ ರೈಲಿನಲ್ಲಿ ಎದುರಿಗೆ ನಿಟ್ಟೂರಿನಿಂದ ಬಂದ ಒಬ್ಬ ಹೆಂಗಸು ಕೂತಿದ್ದಳು. ಡಬ್ಬಿಯನ್ನು ನಾನು ಎರಡು ಕೈಯಲ್ಲೂ ಹಿಡಿದುಕೊಂಡದ್ದು ನೋಡಿ, “ಕೆಳೀಕಿಡವ್ವ, ಕೈ ನೋಯ್ತದೆ. ಏನೈತೆ ಅದ್ರಾಗೆ?” ಎಂದಳು. “ಜೇಡ” ಎಂದೆ. “ಜೇಡಿಮಣ್ಣಾ? ಒಲೆ ಸಾರ್ಸಾಕಾ?” ಎಂದಳು. ಹೂಂ ಎಂದೆ. ಈ ಪ್ರಕರಣದುದ್ದಕ್ಕೂ ನನ್ನನ್ನು ಸಂಶಯದಿಂದ ನೋಡದ ಮನುಷ್ಯಳೆಂದರೆ ಆಕೆ ಒಬ್ಬಳೇ.

ಇನ್ನು ನಮ್ಮವರು. ರುದ್ರೇಶ್ ಅಂತ ಹೆಸರು, ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಜಗಳ ಅನ್ನುವುದನ್ನು ಜನ್ಮದಲ್ಲಿ ಆಡಿದವರಲ್ಲ. ಜಗಳದ ವಾಸನೆ ಬಂದರೆ ಸಾಕು, ಚೀಲ ತೆಗೆದುಕೊಂಡು ಸೈಕಲ್ ಹತ್ತಿ ತರಕಾರಿಗೆ ಹೊರಟುಬಿಡುತ್ತಾರೆ. ನನ್ನಂಥವಳನ್ನು ಕಟ್ಟಿಕೊಂಡಿದ್ದರಿಂದ ನಮ್ಮ ಮನೆಯಲ್ಲಿ ತರಕಾರಿಗೆ ಯಾವತ್ತೂ ಬರವಿರಲಿಲ್ಲ. ಆ ಸಂಜೆ ಡಬ್ಬಿಯ ಮುಚ್ಚಳ ಸ್ವಲ್ಪ ಸರಿಸಿ ತೋರಿಸಿದೆ. ಬಗ್ಗಿ ನೋಡಿದರು. ನೆಟ್ಟಗಾದರು. “ಬದನೆಕಾಯಿ ತರ್ತೀನಿ” ಎಂದು ಹೊರಟರು. ಬಂದವರು ಬದನೆಕಾಯಿಯ ಜೊತೆಗೆ ಒಂದು ತೀರ್ಮಾನವನ್ನೂ ತಂದಿದ್ದರು. “ಡಬ್ಬಿನಲ್ಲಿ ಇಟ್ರೆ ಉಸಿರು ಕಟ್ಟುತ್ತೆ ಕಣೇ. ಅಟ್ಟದ ಮೇಲೆ ನನ್ನ ಮೀನಿನ ತೊಟ್ಟಿ ಇದೆಯಲ್ಲ” ಎಂದರು.

ಆ ತೊಟ್ಟಿಯ ಚರಿತ್ರೆ ಸ್ವಲ್ಪ ಹೇಳಬೇಕು. ಮದುವೆಯಾದ ಹೊಸದರಲ್ಲಿ ತುಮಕೂರಿಗೆ ಬಣ್ಣದ ಮೀನಿನ ಹುಚ್ಚು ಬಂದಿತ್ತು. ನಮ್ಮವರೂ ಕಬ್ಬಿಣದ ಆಂಗಲ್ಲಿನ ಚೌಕಟ್ಟಿಗೆ ಗಾಜು ಕೂರಿಸಿದ ಒಂದು ತೊಟ್ಟಿ ತಂದು, ನಡುಮನೆಯಲ್ಲಿಟ್ಟು, ಅದರೊಳಗೆ ಪ್ಲಾಸ್ಟಿಕ್ಕಿನ ಗಿಡ, ಶಂಖ ಎಲ್ಲ ಜೋಡಿಸಿದ್ದರು. ಮೊದಲ ದಿನದಿಂದಲೇ ಅದು ಒಂದು ಮೂಲೆಯಲ್ಲಿ ಸೋರುತ್ತಿತ್ತು. ಯಾವ ಅಂಟಿಗೂ, ಯಾವ ಮೇಣಕ್ಕೂ ಬಗ್ಗಲಿಲ್ಲ. ಮೀನುಗಳು ಒಂದೊಂದಾಗಿ ಕೈಲಾಸ ಸೇರಿದ ಮೇಲೆ ತೊಟ್ಟಿ ಅಟ್ಟ ಸೇರಿತು. ಈಗ ನೋಡಿದರೆ ಅದರ ದೋಷವೇ ಗುಣವಾಯಿತು. ನೆಲದ ಜೇಡಕ್ಕೆ ತೇವ ಬೇಕು, ನೀರು ನಿಲ್ಲಬಾರದು. ಹೆಚ್ಚಾದ ನೀರು ತಾನೇ ಸೋರಿಹೋಗುವ ಮನೆಗಿಂತ ಒಳ್ಳೆಯದು ಇನ್ನೆಲ್ಲಿ ಸಿಗುತ್ತದೆ? ಇಲ್ಲದ ಬುದ್ಧಿವಂತಿಕೆಯನ್ನು ತೊಟ್ಟಿ ಮಾಡಿದವನ ತಲೆಗೆ ಕಟ್ಟಿ, ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಜೇಡಕ್ಕೆ ಮನೆ ಕಟ್ಟುವುದು ಹೇಗೆಂದು ಹೇಳುವವರು ಯಾರೂ ಇರಲಿಲ್ಲ. ನನ್ನ ಬಿ.ಎಸ್ಸಿ. ಪುಸ್ತಕದಲ್ಲಿ ಅದರ ಬಗ್ಗೆ ಇದ್ದದ್ದು ಒಂದು ಚಿತ್ರ, ಒಂದು ಪ್ಯಾರಾ. ಹಾಗಾಗಿ ನಾನೇ ಕೂತು ಯೋಚಿಸಿದೆ. ಬಿಲ ತೋಡುವವಳಿಗೆ ಎತ್ತರದ ಮನೆ ಬೇಡ, ಆಳದ ನೆಲ ಬೇಕು. ಇಷ್ಟು ಭಾರದ ಹೊಟ್ಟೆ ಹೊತ್ತವಳು ಗಾಜು ಹತ್ತಿ ಮೇಲಿಂದ ಬಿದ್ದರೆ ಉಳಿಯುವುದಿಲ್ಲ. ಆದ್ದರಿಂದ ತೊಟ್ಟಿಯ ಮುಕ್ಕಾಲು ಭಾಗ ಮಣ್ಣೇ ಇರಬೇಕು. ಬೆಳಕು ಹೆಚ್ಚು ಬೀಳಬಾರದು. ಗಾಳಿ ಆಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲೊಂದು ಭದ್ರವಾದ ಮುಚ್ಚಳ ಬೇಕು. ಮುಚ್ಚಳ ಮಾಡಿಸಲು ನಮ್ಮವರು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಹೋದರು. ತೊಟ್ಟಿಯ ಅಳತೆ ಕೊಟ್ಟು, ತಂತಿ ಜಾಲರಿ ಹಾಕಿ, ಎರಡು ಕಡೆ ಚಿಲಕ ಇಡಬೇಕು ಅಂದರಂತೆ. ಅಲ್ಲಿಯವನು ಅಳತೆಪಟ್ಟಿ ಕೆಳಗಿಟ್ಟು, “ಮೀನು ಓಡೋಯ್ತವಾ ಸಾರ್?” ಅಂದನಂತೆ. ನಮ್ಮವರು ಯೋಚಿಸಿ, “ಒಂದ್ಸಲ ಹಂಗಾಗಿದೆ” ಅಂದರಂತೆ. ಹೆಂಡತಿಯ ಮರ್ಯಾದೆ ಕಾಯಲು ತನ್ನ ಮರ್ಯಾದೆ ಕಳೆದುಕೊಳ್ಳುವ ಗಂಡ ಎಷ್ಟು ಜನರಿಗೆ ಸಿಗುತ್ತಾನೆ ಹೇಳಿ. ಜೇಡಕ್ಕೆ ಸಾಕಮ್ಮ ಎಂದು ಹೆಸರಿಟ್ಟವರೂ ಅವರೇ. ಸಾಕಿದ್ದಕ್ಕೂ ಹೌದು, ಸಾಕಾಗಿಹೋಯಿತು ಅನ್ನುವುದಕ್ಕೂ ಹೌದು ಎಂದರು.

ಮಣ್ಣನ್ನು ಶುಕ್ರವಾರ ಗುಬ್ಬಿಯಿಂದಲೇ ತಂದೆ. ಅವಳು ಹುಟ್ಟಿ ಬೆಳೆದ ಮಣ್ಣೇ ಆಗಲಿ ಎಂದು ಅದೇ ಗುಂಡಿಯ ಕೆಂಪು ಮಣ್ಣನ್ನು ಬಟ್ಟೆಚೀಲದಲ್ಲಿ ತುಂಬಿ ರೈಲು ಹತ್ತಿಸಿದೆ. ಮನೆಯಲ್ಲಿ ಸುರಿದು ನೋಡಿದರೆ ತುಂಬ ಇರುವೆ, ಇರುವೆಯ ಮೊಟ್ಟೆ. ಇರುವೆ ಸೇರಿದರೆ ಬಿಲದೊಳಗಿರುವ ಜೇಡವನ್ನೂ ಬಿಡುವುದಿಲ್ಲ. ಸರಿ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಒಲೆಯ ಮೇಲೆ ಬಾಣಲೆಯಿಟ್ಟು, ರವೆ ಹುರಿಯುವ ಹಾಗೆ, ಮಣ್ಣು ಹುರಿಯಲು ನಿಂತೆ. ಒಲೆಗೂ ಹೊಸದು, ನನಗೂ ಹೊಸದು. ಮನೆಯೆಲ್ಲ ಮೊದಲ ಮಳೆಯ ವಾಸನೆ. ಅದೇ ಹೊತ್ತಿಗೆ ನಮ್ಮವರು ಬಸ್ ಸ್ಟ್ಯಾಂಡಿನಿಂದ ಅವರ ತಾಯಿಯನ್ನು ಕರೆದುಕೊಂಡು ಬಂದರು.

ನಮ್ಮತ್ತೆ ಇದ್ದದ್ದು ಯಡಿಯೂರಿನ ಹತ್ತಿರದ ಹಳ್ಳಿಯಲ್ಲಿ, ಕಿರಿಯ ಮಗನ ಮನೆಯಲ್ಲಿ. ಆಗಾಗ ಬಂದು ನಮ್ಮಲ್ಲಿ ಕೆಲವು ದಿನ ಇರುತ್ತಿದ್ದರು. ನಮಗೆ ಮದುವೆಯಾಗಿ ವರ್ಷಗಳು ಕಳೆದಿದ್ದರೂ ಮಕ್ಕಳಿರಲಿಲ್ಲ. ಅತ್ತೆ ಯಡಿಯೂರಿನ ಸ್ವಾಮಿಗೆ ಹೊತ್ತ ಹರಕೆಗಳ ಲೆಕ್ಕ ಸ್ವಾಮಿಗೇ ಗೊತ್ತು. ಅವರು ಅಡಿಗೆಮನೆಗೆ ಬಂದವರು ಬಾಣಲೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಬಾಣಲೆ ನೋಡಿದರು. ಮಣ್ಣು! ಬಸುರಿ ಹೆಂಗಸರಿಗೆ ಮಣ್ಣು ತಿನ್ನುವ ಬಯಕೆಯಾಗುತ್ತದೆ ಅನ್ನುವುದು ಆ ಕ್ಷಣದಲ್ಲಿ ನನಗೆ ಹೊಳೆಯಲೇ ಇಲ್ಲ. ಬರುವ ದಾರಿಯಲ್ಲಿ ಇವರು ಜೇಡದ ವಿಷಯ ಹೇಳಿದ್ದಾರೆ ಎಂದೇ ನಾನು ತಿಳಿದೆ. ಇವರು ಎಂದಿನಂತೆ ಹೇಳದೆ ನುಂಗಿಕೊಂಡಿದ್ದರು.

“ಗಿರಿಜಾ,” ಅತ್ತೆ ನನ್ನ ಕೈ ಹಿಡಿದುಕೊಂಡರು, “ಯಾವಾಗ್ನಿಂದ್ಲವ್ವಾ?”

“ಬುಧವಾರದಿಂದ ಅತ್ತೆ.”

“ತಿಂಗ್ಳು ಹೇಳು ಅಂದ್ರೆ ವಾರ ಹೇಳ್ತಾಳೆ ಹುಚ್ಚಿ,” ಅತ್ತೆ ನಕ್ಕರು. ಕಣ್ಣಲ್ಲಿ ನೀರಿತ್ತು. “ಊಟ ಸೇರ್ತದಾ?”

“ಇನ್ನೂ ಏನೂ ಮುಟ್ಟಿಲ್ಲ. ಮನೆ ರೆಡಿಯಾದ್ಮೇಲೆ ತಿನ್ನಬಹುದು.”

“ಮನೆ ಯಾತಕ್ಕೆ? ಒಂದು ತೊಟ್ಲಾದ್ರೆ ಸಾಕು.”

“ತೊಟ್ಟಿ ಆಗ್ಲೇ ರೆಡಿ ಇದೆ ಅತ್ತೆ. ಚಿಲಕದ ಮುಚ್ಚಳನೂ ಮಾಡಿಸಿದೀವಿ.”

ಅತ್ತೆಯ ನಗು ಅಲ್ಲಿಗೆ ನಿಂತಿತು. ತೊಟ್ಟಿಲಿಗೆ ಚಿಲಕ ಯಾರೂ ಹಾಕಿಸುವುದಿಲ್ಲ. ಅವರ ಹಿಂದೆ ನಿಂತಿದ್ದ ನಮ್ಮವರು ಮೊಳೆಗೆ ನೇತುಹಾಕಿದ್ದ ತರಕಾರಿ ಚೀಲದ ಕಡೆಗೆ ಕೈಚಾಚುತ್ತಿದ್ದರು. ನಾನು ಅತ್ತೆಯನ್ನು ಮಧ್ಯದ ಕೋಣೆಗೆ ಕರೆದೊಯ್ದು, ಸದ್ಯಕ್ಕೆ ಉಪ್ಪಿನಕಾಯಿ ಭರಣಿಯಲ್ಲಿದ್ದ ಸಾಕಮ್ಮನನ್ನು ತೋರಿಸಿದೆ. ಕಿರುಚುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಹೋಗಿ ಕಾಲು ತೊಳೆದುಕೊಂಡು, ವಿಭೂತಿ ಇಟ್ಟುಕೊಂಡು ಪೂಜೆಗೆ ಕೂತರು. ಅವತ್ತು ಪೂಜೆ ಬಹಳ ಹೊತ್ತು ನಡೆಯಿತು.

ನಾನು ಕೆಲಸ ನಿಲ್ಲಿಸಲಿಲ್ಲ. ಆರಿದ ಮಣ್ಣನ್ನು ನೀರು ಚಿಮುಕಿಸಿ ತೊಟ್ಟಿಗೆ ತುಂಬಿ, ಅಂಗೈಯಿಂದ ಒತ್ತಿ ಗಟ್ಟಿ ಮಾಡಿದೆ. ಒಂದು ಮೂಲೆಯಲ್ಲಿ ಸೌಟಿನ ಹಿಡಿಯಿಂದ ಓರೆಯಾಗಿ ಒಂದು ತೂತು ತೋಡಿ, ಅದರ ಬಾಯಿಗೆ ಒಡೆದ ಕುಡಿಕೆಯ ಚೂರನ್ನು ಸೂರಿನ ಹಾಗೆ ಇಳಿಬಿಟ್ಟೆ. ಕುಂಕುಮದ ಭರಣಿಯ ಮುಚ್ಚಳದಲ್ಲಿ ನೀರಿಟ್ಟೆ. ಒಣಗಿದ ಎಲೆ ನಾಲ್ಕು ಹರಡಿದೆ. ಭರಣಿಯನ್ನು ಒಳಗೆ ಮಲಗಿಸಿ ಬಾಯಿ ಬಿಚ್ಚಿದರೆ, ಸಾಕಮ್ಮ ಬಹಳ ಹೊತ್ತು ಹೊರಗೇ ಬರಲಿಲ್ಲ. ಆಮೇಲೆ ಒಂದು ಕಾಲು ಬಂತು. ಮಣ್ಣನ್ನು ಮುಟ್ಟಿ ನೋಡಿತು. ಇನ್ನೊಂದು ಕಾಲು ಬಂತು. ಮದುವೆಯಾಗಿ ಬಂದ ದಿನ ನಾನು ಈ ಮನೆಯ ಹೊಸ್ತಿಲ ಮೇಲೆ ಹೀಗೆಯೇ ಕಾಲಿಟ್ಟಿದ್ದೆ, ನನಗೆ ಇದ್ದದ್ದು ಎರಡೇ ಕಾಲು ಅನ್ನುವುದು ಬಿಟ್ಟರೆ. ಸುತ್ತಿ ಬಂದು, ನಾನು ತೋಡಿದ ತೂತನ್ನು ಪರೀಕ್ಷಿಸಿ, ಅದು ಸರಿಯಿಲ್ಲವೆಂದು ತೀರ್ಮಾನಿಸಿ, ಪಕ್ಕದಲ್ಲೇ ತನ್ನದೊಂದು ತೋಡಲು ಶುರುಮಾಡಿದಳು. ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾರನೆಯ ದಿನ ಅತ್ತೆ ಮಗನ ಹತ್ತಿರ ಹೇಳುತ್ತಿದ್ದದ್ದು ಅಡಿಗೆಮನೆಗೆ ಕೇಳಿಸಿತು. “ಮಕ್ಳಿಲ್ದೋರು ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ಇದೇನ್ಲಾ ಇದು, ಜೇಡ್ರು ಹುಳ? ಜನ ಏನಂದಾರು?”

ಜನ ಏನೆಂದಾರು ಅನ್ನುವುದು ನನಗೆ ಗೊತ್ತಿತ್ತು. ಅಂದೂ ಆಗಿತ್ತು. ನಲ್ಲಿಯ ಹತ್ತಿರ, ‘ಪಾಪ, ಮನಸ್ಸಿಗೆ ಹಚ್ಕೊಂಡವ್ಳೆ’ ಅನ್ನುವ ಮಾತು ನನ್ನ ಬೆನ್ನಿಗೆ ಬಿದ್ದಿತ್ತು. ಬೈದರೆ ತಡೆಯಬಹುದು, ಈ ಪಾಪ ಅನ್ನುವುದನ್ನು ತಡೆಯಲಾಗುವುದಿಲ್ಲ. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. “ಅತ್ತೆ, ಮಗು ಇದ್ದಿದ್ರೂ ನಾನು ಇದನ್ನ ತರ್ತಿದ್ದೆ. ಮಗೂನೂ ಕೂರಿಸಿಕೊಂಡು ತೋರಿಸ್ತಿದ್ದೆ. ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ” ಎಂದೆ. ಅತ್ತೆ ನನ್ನನ್ನೇ ನೋಡಿದರು. “ಮೊಂಡಿ” ಎಂದರು. ಅಷ್ಟೇ. ಆದರೆ ಹೊರಟುಹೋಗಲಿಲ್ಲ. ಇಂಥ ಮನೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು ಎಂದು ನಿರ್ಧರಿಸಿ ಉಳಿದುಕೊಂಡರು.

ಉಳಿದವರು ಸುಮ್ಮನಿರಲಿಲ್ಲ. ಸಾಕಮ್ಮನಿಗೆ ನಾನು ಜಿರಳೆ ಹಿಡಿದು ಹಾಕುವುದು ಅವರಿಗೆ ಸಂಕಟ. ಲಿಂಗ ಕಟ್ಟಿದ ಮನೆಯಲ್ಲಿ ಇದೇನು ಹಿಂಸೆ? ಅನ್ನಕ್ಕೆ ತುಪ್ಪ ಕಲಸಿ ಕಡಲೆಕಾಳಿನಷ್ಟು ಉಂಡೆ ಮಾಡಿ ಜಾಲರಿಯ ಸಂದಿಯಲ್ಲಿ ಇಳಿಬಿಟ್ಟರು. “ಕಲಿಸಿದ್ರೆ ಕಲೀತದೆ. ಟೀಚ್ರಲ್ವಾ ನೀನು” ಎಂದರು. ಸಾಕಮ್ಮ ಆ ಉಂಡೆಯನ್ನು ಕಾಲಿನಿಂದ ನೂಕಿ ನೀರಿನ ಮುಚ್ಚಳಕ್ಕೆ ಕೆಡವಿದಳು.

ವಿಷಯ ಮನೆಯ ಓನರ್ ಗಂಗಾಧರಯ್ಯನವರಿಗೆ ಮುಟ್ಟಿತು. ಅವರು ಮುಂದಿನ ಭಾಗದಲ್ಲಿದ್ದರು, ನಾವು ಹಿಂದಿನ ಭಾಗದಲ್ಲಿ. ರಿಟೈರಾದ ಕಂದಾಯ ಇಲಾಖೆಯವರು. ಮಾತಾಡುವಾಗಲೂ ವಾಕ್ಯದ ಕೊನೆಗೆ ಮೊಹರು ಒತ್ತಿದ ಹಾಗೆ ಮಾತಾಡುವವರು. ಬಾಗಿಲಲ್ಲೇ ನಿಂತು ಶುರುಮಾಡಿದರು.

“ನೋಡಿ ಟೀಚರಮ್ಮ, ಮನೆ ಕೊಡೋವಾಗ ಒಂದೇ ಒಂದು ಕಂಡೀಷನ್ ಹಾಕಿದ್ದೆ. ಮಾಂಸ ತಿನ್ನೋರಿಗೆ ಕೊಡಲ್ಲ ಅಂತ. ಮೊಟ್ಟೆನೂ ಮುಟ್ಟಲ್ಲ ಅಂದಿದ್ರಿ.”

“ಮುಟ್ಟಲ್ಲ ಯಜಮಾನ್ರೇ.”

“ನೀವು ಮುಟ್ಟಲ್ಲ. ಒಳಗೆ ಒಂದನ್ನ ಇಟ್ಕೊಂಡಿದೀರಲ್ಲ, ಅದು?”

“ಅದೂ ಮೊಟ್ಟೆ ಮುಟ್ಟಲ್ಲ. ಜಿರಳೆ ಮಾತ್ರ ತಿನ್ನುತ್ತೆ. ಆ ಜಿರಳೆಗಳು ನಿಮ್ಮ ಬಚ್ಚಲಿಂದ್ಲೇ ಬರೋದು. ಅವನ್ನ ಸಸ್ಯಾಹಾರಿಗಳು ಅಂತ ವಿಚಾರಿಸಿ ಇಟ್ಕೊಂಡಿದೀರಾ?”

ಗಂಗಾಧರಯ್ಯನವರ ಕಿವಿ ಕೆಂಪಾಯಿತು. “ಈ ತಿಂಗಳ ಕೊನೆಗೆ ಒಂದೋ ಅದು ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು.”

“ನಾವೇ ಹೋಗ್ತೀವಿ” ಎಂದೆ. ಗಂಡನನ್ನು ಒಂದು ಮಾತು ಕೇಳಬೇಕಾಗಿತ್ತು ಅನ್ನುವುದು ಅಂದ ಮೇಲೆ ನೆನಪಾಯಿತು. ತಿರುಗಿ ನೋಡಿದರೆ ಅವರೂ ಇರಲಿಲ್ಲ, ಚೀಲವೂ ಇರಲಿಲ್ಲ.

ಆ ಸಂಜೆ ಮದುವೆಯಾದ ಮೇಲೆ ಮೊದಲ ಸಲ ನಮ್ಮವರು ಖಾಲಿ ಚೀಲ ಹಿಡಿದುಕೊಂಡು ಬಂದರು. “ಮನೆ ನೋಡೋಕೆ ಹೋಗಿದ್ದೆ. ಒಂದು ಚೆನ್ನಾಗಿತ್ತು, ಹಿತ್ತಲಲ್ಲಿ ಬಾವಿ ಇದೆ. ಜೇಡ ಇದೆ ಅಂದೆ. ಬಾಗಿಲು ಹಾಕ್ಕೊಂಡ್ರು.”

“ಹೇಳೋಕೆ ಯಾಕ್ರೀ ಹೋದ್ರಿ?”

“ಆಮೇಲೆ ಗೊತ್ತಾದ್ರೆ ಮತ್ತೆ ಖಾಲಿ ಮಾಡ್ಬೇಕಲ್ಲ ಕಣೇ. ಮೊದ್ಲೇ ಹೇಳೋದು ಒಳ್ಳೇದು,” ಎಂದು ಚಪ್ಪಲಿ ಬಿಟ್ಟರು. ಮಾರನೆಯ ದಿನವೂ ಹೋದರು, ಅದರ ಮಾರನೆಯ ದಿನವೂ ಹೋದರು. ಎಲ್ಲ ಕಡೆಯೂ ಬಾಡಿಗೆ ಎಷ್ಟೆಂದು ಕೇಳುವ ಮುಂಚೆ ಜೇಡದ ವಿಷಯ ಹೇಳಿ, ಎಲ್ಲ ಕಡೆಯೂ ಬಾಗಿಲು ಹಾಕಿಸಿಕೊಂಡು ಬಂದರು. ನಾನು ಬಾಯಲ್ಲಿ ಮಾಡಿದ ಪ್ರತಿಭಟನೆಗೆ ಕಾಲು ಸವೆಸಿದವರು ಅವರು.

ಇಷ್ಟರಲ್ಲಿ ಸಾಕಮ್ಮ ಊಟ ಬಿಟ್ಟಳು. ಜಿರಳೆ ಮೈಮೇಲೆ ಹತ್ತಿದರೂ ತಿರುಗಿ ನೋಡಲಿಲ್ಲ. ಮೈಬಣ್ಣ ಮಂಕಾಯಿತು. ನನಗೆ ಗಾಬರಿ, ಅತ್ತೆಗೆ ಮಾತ್ರ ಸಂಭ್ರಮ. “ನೋಡು, ಜಿರ್ಲೆ ಬುಟ್ಟೈತೆ. ನಮ್ಮನೆ ಗಾಳಿಗೆ ಬುದ್ಧಿ ಬಂತು. ಒಪ್ಪತ್ತು ಮಾಡ್ತೈತೆ ಕಣವ್ವ!” ದಿನಾ ಪೂಜೆ ಮುಗಿಸಿದ ಮೇಲೆ ತೊಟ್ಟಿಯ ಮುಂದೆಯೂ ಒಂದು ಗಳಿಗೆ ಕೂರುವುದು ಅವರಿಗೆ ರೂಢಿಯಾಯಿತು. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, “ಸುಮ್ಕೆ” ಅನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಸಾಕಮ್ಮ ಅಂಗಾತ ಬಿದ್ದಿದ್ದಾಳೆ. ಎಂಟು ಕಾಲುಗಳೂ ಮೇಲಕ್ಕೆ. ಅಲುಗಾಟವಿಲ್ಲ. ಗಾಜು ತಟ್ಟಿದೆ, ಕರೆದೆ. ಜೇಡವನ್ನು ಹೆಸರು ಹಿಡಿದು ಕರೆದ ಟೀಚರು ನಾನೊಬ್ಬಳೇ ಇರಬೇಕು. ನನಗೆ ಅಳು ಬಂತು, ಅತ್ತದ್ದು ಯಾರಿಗೂ ಕಾಣಬಾರದೆಂದು ಬಚ್ಚಲಿಗೆ ಹೋಗಿ ಅತ್ತು ಬಂದೆ. ಗುದ್ದಲಿಗೆ ಹೆದರದವಳನ್ನು ನನ್ನ ಹುರಿದ ಮಣ್ಣು ಕೊಂದಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಸುದ್ದಿ ತಿಳಿದು ಗಂಗಾಧರಯ್ಯನವರು ಶಲ್ಯ ಹೊದ್ದುಕೊಂಡೇ ಬಂದರು. ತೊಟ್ಟಿಯನ್ನು ದೂರದಿಂದ ನೋಡಿ, “ಪಾಪ, ಅದರ ಋಣ ಅಷ್ಟೇ ಇತ್ತು. ಇನ್ನು ಖಾಲಿ ಮಾಡೋ ಮಾತು ಬೇಡ, ನೀವು ಆರಾಮಾಗಿರಿ” ಎಂದರು.

“ನಾವು ಹೋಗೇ ಹೋಗ್ತೀವಿ” ಎಂದೆ. “ಅವಳು ಸತ್ತಳು ಅಂತ ಸಿಕ್ಕಿದ ಮನೆ ನನಗೆ ಬೇಡ.” ಗಂಗಾಧರಯ್ಯನವರು ನಮ್ಮವರ ಕಡೆ ನೋಡಿ, ಗಂಡಸರಿಗೆ ಮಾತ್ರ ತಿಳಿಯುವ ಹಾಗೆ ತಲೆಯಾಡಿಸಿ, ಹೊರಟುಹೋದರು.

ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡುವುದೆಂದಾಯಿತು. ಅತ್ತೆಯೇ ಕುಡುಗೋಲಿನ ತುದಿಯಿಂದ ಕೆದಕಿ ಗುಳಿ ತೋಡಿದರು. ಆಮೇಲೆ ಎತ್ತೋಣ ಎನ್ನುತ್ತಲೇ ನಮ್ಮವರು ಮಧ್ಯಾಹ್ನ ಕಳೆದರು. ಕೊನೆಗೆ ಒಂದು ರಟ್ಟಿನ ತುಂಡು ಹಿಡಿದುಕೊಂಡು ಮಧ್ಯದ ಕೋಣೆಗೆ ಹೋದರು. ಚಿಲಕ ತೆಗೆದ ಸದ್ದು ಕೇಳಿಸಿತು. ಆಮೇಲೆ ಯಾವತ್ತೂ ದನಿಯೆತ್ತದ ನನ್ನ ಗಂಡ ದನಿಯೆತ್ತಿದರು.

“ಗಿರಿಜಾ! ಎರಡಾಗವೆ ಕಣೇ!”

“ಹೆರಿಗೆ ಆಯ್ತಾ?” ಎಂದು ಅತ್ತೆ ಕುಡುಗೋಲು ಬಿಸಾಕಿ ಓಡಿದರು.

ನಿಜವಾಗಿಯೂ ಎರಡಿದ್ದವು. ಒಂದು ಮುದುಡಿಕೊಂಡು ಬಿದ್ದಿತ್ತು, ಕಂದು, ಹಳೆಯದು. ಪಕ್ಕದಲ್ಲಿ ಇನ್ನೊಂದು, ಕಪ್ಪು ಮಖಮಲ್ಲಿನ ಹಾಗೆ ಹೊಳೆಯುತ್ತ, ಮೊದಲಿಗಿಂತ ಒಂದು ಸುತ್ತು ದೊಡ್ಡದಾಗಿ, ಕಾಲುಗಳನ್ನು ನಿಧಾನವಾಗಿ ಚಾಚಿ ಮಡಿಸಿ ನೋಡುತ್ತಿತ್ತು. ಸಾಕಮ್ಮ ಪೊರೆ ಬಿಟ್ಟಿದ್ದಳು. ಜೇಡ, ಚೇಳಿನಂಥ ಸಂಧಿಪದಿಗಳು ಬೆಳೆಯುವಾಗ ಹಳೆಯ ಹೊದಿಕೆ ಕಳಚುತ್ತವೆ, ಅದಕ್ಕೆ ಮುಂಚೆ ಆಹಾರ ಬಿಡುತ್ತವೆ ಎಂದು ನಾನು ವರ್ಷಾವರ್ಷ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ಪರೀಕ್ಷೆಯಲ್ಲಿ ಕೇಳಿ, ಬರೆಯದವರಿಗೆ ಸೊನ್ನೆ ಕೊಡುತ್ತೇನೆ. ಅಂಥ ನಾನು ಬೆಳಿಗ್ಗೆಯಿಂದ ಸೂತಕ ಆಚರಿಸಿ, ಗುಂಡಿ ತೋಡಿಸಿ ಕೂತಿದ್ದೆ. ಅವಳನ್ನು ಜೀವಂತ ಹೂಳದಂತೆ ಕಾಪಾಡಿದ್ದು ನಮ್ಮವರ ನಿಧಾನ. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮರಿಯಲ್ಲ, ಬರೀ ಚರ್ಮ, ಹಾವು ಪೊರೆ ಬಿಟ್ಟ ಹಾಗೆ ಎಂದೆ. ಅತ್ತೆ ಆ ಪೊರೆಯನ್ನೂ ಹೊಸ ಸಾಕಮ್ಮನನ್ನೂ ಬಹಳ ಹೊತ್ತು ನೋಡಿದರು. “ನೋವಾಗಿರ್ಬೇಕು ಪಾಪ” ಎಂದರು.

ಸಂಜೆಗೆ ಗಂಗಾಧರಯ್ಯನವರು ಮತ್ತೆ ಬಂದರು. ಸತ್ತಿಲ್ಲ ಅನ್ನುವುದು ಗೊತ್ತಾಗಿತ್ತು. “ಹಾಗಾದ್ರೆ ನನ್ನ ಮೊದಲಿನ ಮಾತೇ ಮಾತು. ತಿಂಗಳ ಕೊನೆಗೆ...” ಎಂದು ಶುರುಮಾಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. ಅಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿ, ತಾವೇ ಬಾಗಿಲಿಗೆ ಬಂದು ನಿಂತರು.

“ಯಜಮಾನ್ರೇ, ನೀವು ಆಚಾರಸ್ತರು. ಬಾಣಂತಿ ಇರೋ ಮನೆ ಖಾಲಿ ಮಾಡಿಸ್ತೀರಾ?”

ಗಂಗಾಧರಯ್ಯನವರು ಬೆಚ್ಚಿ ನನ್ನನ್ನು ನೋಡಿದರು. “ಯಾ... ಯಾರು ಬಾಣಂತಿ?”

“ಬನ್ನಿ ಒಳೀಕೆ,” ಎಂದು ಅತ್ತೆ ಅವರನ್ನು ತೊಟ್ಟಿಯ ಮುಂದೆ ನಿಲ್ಲಿಸಿದರು. “ಬೆಳಿಗ್ಗೆ ನೀವೇ ನೋಡಿದ್ರಲ್ಲ, ಎಷ್ಟಿದ್ವು?”

“ಒಂದು.”

“ಈಗೆಷ್ಟವೆ?”

ಗಂಗಾಧರಯ್ಯನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಕಾಲು, ಕೂದಲು, ಕೋರೆ ಎಲ್ಲವೂ ಇದ್ದ ಎರಡು ಜೇಡಗಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಎರಡು” ಎಂದರು.

“ಈ ಮನೇಲಿ ಹೆರಿಗೆ ಆಗ್ಲಿ ಅಂತ ನಾನು ಹೊರದ ಹರಕೆ ಇಲ್ಲ ಸ್ವಾಮಿ,” ಎಂದರು ಅತ್ತೆ. “ಆಗಿದ್ದು ಇದು. ನಾನು ಇದ್ನ ಬೀದಿಗೆ ಹಾಕಾಕೆ ಬುಡಲ್ಲ. ಬಾಣಂತನ ಮುಗೀಲಿ, ಆಮೇಲೆ ಬನ್ನಿ.”

ನಾನು ಬಾಯಿ ತೆರೆದವಳು ಮುಚ್ಚಿದೆ. ವಿಜ್ಞಾನದ ಟೀಚರಾಗಿ ಅಲ್ಲಿ ಹೇಳಬೇಕಾದ ಸತ್ಯವೊಂದಿತ್ತು. ಹೇಳಲಿಲ್ಲ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಆದರೆ ನನ್ನ ತೋಳು ಹಿಡಿದ ಕೈ ಬಿಟ್ಟಿರಲಿಲ್ಲ. ಗಂಗಾಧರಯ್ಯನವರು ಶಲ್ಯ ಸರಿಮಾಡಿಕೊಂಡು, “ಹಾಗಂದ್ರೆ... ಆಗಲಿ, ಶಾಸ್ತ್ರ ಅಂದ್ಮೇಲೆ” ಎಂದು ಗೊಣಗಿ ಹೋದರು. ಬಾಣಂತನ ಯಾವಾಗ ಮುಗಿಯಿತು ಎಂದು ಅವರು ಆಮೇಲೆ ಕೇಳಲೇ ಇಲ್ಲ. ಕೆಲವು ದಿನ ಬಿಟ್ಟು ಒಂದು ಬೆಂಕಿಪೊಟ್ಟಣ ಹಿಡಿದುಕೊಂಡು ಬಂದು, ಅದನ್ನು ಆದಷ್ಟೂ ಮೈಯಿಂದ ದೂರ ಹಿಡಿದು ನನಗೆ ಕೊಟ್ಟರು. ಒಳಗೆ ಪರಪರ ಸದ್ದು. “ಬಚ್ಚಲಲ್ಲಿ ಸಿಕ್ತು. ಕೊಲ್ಲೋದು ನಮಗೆ ಆಗಲ್ಲ ನೋಡಿ. ನೀವೇ ಏನಾದ್ರೂ...” ಎಂದು ಮಾತು ಅರ್ಧಕ್ಕೇ ಬಿಟ್ಟರು. ಮೊಹರು ಬೀಳದ ಅವರ ಮೊದಲ ವಾಕ್ಯ ಅದು.

ಸಾಕಮ್ಮ ನಮ್ಮ ಜೊತೆ ವರ್ಷಗಟ್ಟಲೆ ಇದ್ದಳು. ಮಗು ಆಮೇಲೂ ಆಗಲಿಲ್ಲ. ಹರಕೆಯ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಅವರು ಬಂದಾಗಲೆಲ್ಲ ತೊಟ್ಟಿಯ ಯಜಮಾನಿಕೆ ಅವರದು. ನೀರು ಹೆಚ್ಚಾಯ್ತು, ಎಲೆ ಕೊಳೀತು, ಅವಳನ್ನ ಅಷ್ಟು ಹೊತ್ತು ನೋಡಬೇಡ ದೃಷ್ಟಿ ಆಗುತ್ತೆ ಎಂದು ನನ್ನನ್ನೇ ಗದರುತ್ತಿದ್ದರು. ನಲ್ಲಿಯ ಹತ್ತಿರದ ಹೆಂಗಸರು ಈಗ ಪಾಪ ಅನ್ನುವುದು ಬಿಟ್ಟು, ಮನೆಗೆ ನೆಂಟರು ಬಂದರೆ ಕರೆತಂದು ತೋರಿಸಿಕೊಂಡು ಹೋಗುತ್ತಿದ್ದರು. ನನ್ನ ಪ್ರತಿಭಟನೆ ಹೀಗೆ ಊರಿಗೇ ಒಗ್ಗಿಹೋದದ್ದು ನನಗೆ ಒಗ್ಗಲಿಲ್ಲ. ಒಬ್ಬರಾದರೂ ಬಂದು ಛೀ ಅನ್ನಲಿ ಎಂದು ಕಾದೆ. ಯಾರೂ ಅನ್ನಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ, ಗುಬ್ಬಿಯಲ್ಲಿ ಬೈಲಪ್ಪ ಒಂದು ಕರಿ ಚೇಳು ಹಿಡಿದಿದ್ದಾನೆ, ಅದನ್ನೂ ಮನೆಗೆ ತರಬೇಕು ಅಂತಿದೀನಿ ಎಂದೆ. ಹೇಳಿ, ಬೆನ್ನು ನೆಟ್ಟಗೆ ಮಾಡಿ, ಉತ್ತರಗಳನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾದೆ.

“ಎಲ್ಲಿಡೋಣ? ಕಿಟಕಿ ಹತ್ರ ಜಾಗ ಇದೆ” ಎಂದರು ನಮ್ಮವರು, ಚೀಲದ ಕಡೆ ನೋಡದೆ.

“ತಗಂಬಾ ಅದ್ಕೇನಂತೆ,” ಅತ್ತೆ ಮಜ್ಜಿಗೆ ಬಡಿಸಿಕೊಳ್ಳುತ್ತ ಹೇಳಿದರು. “ಗಂಡೋ ಹೆಣ್ಣೋ?”

ಅವತ್ತು ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಚೇಳನ್ನೂ ತರಲಿಲ್ಲ. ಎಲ್ಲರೂ ಒಪ್ಪಿದ ಮೇಲೆ ಚೇಳು ತಂದು ಏನು ಮಾಡುವುದು?